ಇಳಿದ ಹೆಸರು

ಕುಕನೂರಿನ ಆನ್‌ಲೈನ್ ಸೆಂಟರಿನಲ್ಲಿ ಪಹಣಿಗೆಂದು ಕಾದು ಕುಳಿತಿದ್ದ ಹೇಮಪ್ಪ, ಮುಂದಿನ ಕುರ್ಚಿಯ ಹೆಣ್ಣುಮಗಳು ದನಿ ತಗ್ಗಿಸಿದ್ದಕ್ಕೇ ಕಿವಿಗೊಟ್ಟ. ಪಕ್ಕದ ಮಂಗಳೂರು ಎಂಬ ಹಳ್ಳಿಯ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಆಕೆಯ ಅರ್ಜಿಯನ್ನು ಸೆಂಟರಿನ ದೀಪಿಕಾ ಆಗಷ್ಟೇ ಕಳಿಸಿದ್ದಳು.

“ಯವ್ವಾ, ಹೆಸರಿನ ಕಾಲಂ ಮುಟ್ಟಿದ ಕೂಡ್ಲೆ ಹಳೇ ಮಂದಿ ಹೆಸರೆಲ್ಲಾ ಕೆಳಗ ಇಳದ್ವಲ್ಲ, ನಾಳಿಗೆ ನಂದೂ ಹಂಗ ಇಳಿತೈತೇನು?”

“ಇಳಿತೈತ್ರಿ. ಬರಿಯೋದು ಹಗುರಾಗ್ಲೆಂತ ಕಂಪ್ಯೂಟರ್ ನೆನಪಿಟ್ಕೊಂತೈತಿ.”

“ನಾಳಿ ನಮ್ಮ ಮಾವ ಇಲ್ಲಿಗೇ ಬರ್ತಾರ. ಸೊಸಿ ಅರ್ಜಿ ಹಾಕ್ಯಾಳಂತ ಗೊತ್ತಾದ್ರ ಮನ್ಯಾಗ ನಿಲ್ಲಾಕ ಬಿಡಂಗಿಲ್ಲ.”

“ಅಂಜಬ್ಯಾಡ್ರಿ. ನೆನಪಿಟ್ಕೊಳ್ಳೋದನ್ನ ಬಂದ್ ಮಾಡ್ತೀನಿ, ನಿಮ್ಮ ಹೆಸರನ್ನೂ ಅಳಸ್ತೀನಿ. ಅರ್ಜಿಗೇನೂ ಆಗಂಗಿಲ್ಲ. ಯಮನೂರಮ್ಮ, ಮಂಗಳೂರು... ಹೋತ್ರಿ.”

“ತಡಿ, ಅದರ ಕೆಳಗಿಂದು?”

“ವಿಜಯಲಕ್ಷ್ಮಿ, ಅದೂ ಮಂಗಳೂರ. ಮೊನ್ನೆ ಇದ ಕೆಲಸಕ್ಕ ಹಾಕಿ ಹೋದ್ರು. ಗೊತ್ತೇನ್ರಿ?”

ಯಮನೂರಮ್ಮ ಪರದೆಯತ್ತ ಬಾಗಿದಳು.

“ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ. ಮೊನ್ನೆ ದವಾಖಾನಿಗೆ ಹೋಗ್ತೀನಂತ ಹೇಳಿ ಬಂದಿದ್ಲು.”

“ನಿಮ್ಮೂರಿಗೆ ಇರೋದು ಒಂದ ಪೋಸ್ಟ್ ಅಲ್ರಿ?”

“ಹೂಂ, ಒಂದ... ಆಕಿ ಹೆಸರೂ ಅಳಸವ್ವ. ಮಾವನ ಕಣ್ಣಿಗೆ ಅದೂ ಬೀಳಬಾರ್ದು.”

ಸೆರಗು ತಲೆಗೆಳೆದುಕೊಂಡು ಎದ್ದವಳು ಬಾಗಿಲತನಕ ಹೋಗಿ ತಿರುಗಿದಳು.

“ಆಕಿ ಮತ್ತ ಬಂದ್ರ, ನಾ ಬಂದಿದ್ದು ಹೇಳಬ್ಯಾಡ.”