ಹತ್ತಕ್ಕೆ ನಾಲ್ಕು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕೂತಿದ್ದ ಟೈಲರಮ್ಮನಿಗೆ ಎದುರು ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಪತ್ರಿಕೆಗೆ ವಿಡಿಯೋ ಗೇಮ್ ವಿಮರ್ಶೆ ಬರೆಯುವವನಂತೆ.

“ನಿಮ್ಮ ಭಾವ ಮೂರು ವರ್ಷ ಜೀವ ತೇದು ಮಾಡಿದ ಆಟ ಕಣೋ. ಹತ್ತಕ್ಕೆ ನಾಲ್ಕು ಕೊಟ್ಟೆಯಲ್ಲೋ!”

“ನೆಂಟರು ಅಂತ ಅಂಕ ಕೊಟ್ರೆ ನನ್ನ ಮಾತನ್ನ ಯಾರು ನಂಬ್ತಾರೆ ಅಕ್ಕ?”

“ಪೂರ್ತಿ ಆಡಿದ್ಯಾ?”

“ಒಂದೇ ದಿನ ಮೂರು ಆಟ ಮುಗಿಸಬೇಕಿತ್ತು. ಕಾರ್ ರೇಸು, ದೆವ್ವದ್ದು, ಕೊನೆಗೆ ಭಾವನ ಒಗಟಿನ ಆಟ. ಮೂರನೇ ಹಂತದವರೆಗೆ ಆಡಿದೆ. ಬರೀ ಖಾಲಿ ಕೋಣೆಗಳು.”

“ನಾಲ್ಕನೇದರಲ್ಲಿ ಅಮ್ಮ ಇದ್ದಾಳೆ ಕಣೋ.”

“ಯಾವ ಅಮ್ಮ?”

“ನಮ್ಮಮ್ಮ. ಸಾಯೋ ಮುಂಚೆ ನಿಮ್ಮ ಭಾವ ಅವಳ ಧ್ವನಿ ರೆಕಾರ್ಡ್ ಮಾಡಿಟ್ಟಿದ್ರು. ಅಡುಗೆಮನೆಯಿಂದ ನಿನ್ನನ್ನ ಊಟಕ್ಕೆ ಕರೀತಾಳೆ. ಆಡ್ತಾ ಆಡ್ತಾ ಅವನೇ ಕೇಳಲಿ, ಹೇಳಬೇಡ ಅಂದಿದ್ರು.”

ಟೈಲರಮ್ಮ ಕೆನ್ನೆಯಿಂದ ಕೈ ತೆಗೆದಳು.

“ತಿದ್ದಿ ಬರೀತೀನಿ ಅಕ್ಕ, ಇವತ್ತೇ.”

“ಯಾರಿಗೆ? ನಿನ್ನ ನಾಲ್ಕು ನೋಡಿ ಕಂಪನಿ ಇಡೀ ತಂಡವನ್ನೇ ಮನೆಗೆ ಕಳಿಸಿತು. ಅವತ್ತಿಂದ ನಿಮ್ಮ ಭಾವ ನಿದ್ದೇಲೂ ಹಲ್ಲು ಕಡೀತಾರೆ. ದವಡೆ ಹಲ್ಲು ಸೀಳಿಹೋಯ್ತು.”

ಒಳಗಿಂದ ಭಾವ ಹೊರಬಂದ. ಬಾಯಿ ತುಂಬ ಹತ್ತಿ.

“ಭಾವ, ತುಂಬಾ ನೋವಿದೆಯಾ?”

ಭಾವ ಅವನ ಮುಖದ ಮುಂದೆ ನಾಲ್ಕು ಬೆರಳು ಎತ್ತಿ ಹಿಡಿದ. ಆಮೇಲೆ ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲಿಳಿದ.