ಗೋಲ್‌ಕೀಪರ್ ತಳ್ಳಲಿಲ್ಲ, ತಳ್ಳಿದ್ದು ನಾನು

ನಾನು, ವಯಸ್ಸು ಐವತ್ತಮೂರು ವರ್ಷ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ, ವಾಸ ಹಾಕಿ ಮೈದಾನದ ಪೂರ್ವ ಗೇಟಿನ ಎದುರು ರಸ್ತೆ, ಮೂರನೇ ಕಟ್ಟಡ, ಎರಡನೇ ಮಹಡಿ. ಮೈದಾನದಲ್ಲಿ ಗಾಜಿನ ಮಾಮ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಈ ದಿನ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಊರಿನ ವೃತ್ತಿಪರ ಹಾಕಿ ತಂಡದ ಆಟವನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ನೋಡುತ್ತಿದ್ದೇನೆ. ಪೂರ್ವ ಗ್ಯಾಲರಿ, ಏಳನೇ ಸಾಲು, ಕಂಬದ ಪಕ್ಕದ ಜಾಗ ನನ್ನದು. ಅದರ ಪಕ್ಕದ್ದು ನನ್ನ ಹೆಂಡತಿಯ ತಮ್ಮನದು. ಹನ್ನೊಂದು ವರ್ಷಗಳಿಂದ ನಾನು ಅಭಿಮಾನಿಗಳ ಸಂಘದ ಕಾರ್ಯದರ್ಶಿ.

ಮೂರು ವರ್ಷದ ಹಿಂದೆ ತಂಡಕ್ಕೆ ಹೊಸ ಮ್ಯಾನೇಜರ್ ಬಂದರು. ಬಂದ ಒಂದೇ ವಾರದಲ್ಲಿ ನಾಯಕನೂ ಸೇರಿ ಏಳು ಮಂದಿ ಅನುಭವಿ ಆಟಗಾರರನ್ನು ಕಳುಹಿಸಿಬಿಟ್ಟರು. ಆಮೇಲೆ ಕ್ಲಬ್ಬಿನ ಸಭಾಂಗಣದಲ್ಲಿ ನಮ್ಮನ್ನೆಲ್ಲ ಸೇರಿಸಿ, ತಂಡವನ್ನು ಬುಡದಿಂದ ಹೊಸದಾಗಿ ಕಟ್ಟುತ್ತಿರುವುದಾಗಿಯೂ ಅಭಿಮಾನಿಗಳು ಮೂರು ವರ್ಷ ತಾಳಬೇಕೆಂದೂ ಕೇಳಿಕೊಂಡರು. ಸಭೆಯಲ್ಲಿ ಗುಸುಗುಸು ಎದ್ದಿತು. ಆಗ ನಾನೇ ಎದ್ದು ನಿಂತು, "ತಾಳ್ತೀವಿ ಸಾರ್. ಮೂರು ವರ್ಷ ತಾನೇ? ನಾವೇನು ಓಡಿಹೋಗ್ತೀವಾ?" ಎಂದು ಎಲ್ಲರ ಪರವಾಗಿ ಹೇಳಿದೆ. ನನ್ನನ್ನು ಹಾಗೆ ಹೇಳು ಎಂದು ಯಾರೂ ಕೇಳಿರಲಿಲ್ಲ. ಮ್ಯಾನೇಜರ್ ವೇದಿಕೆಯಿಂದ ಇಳಿದು ಬಂದು ನನ್ನ ಕೈ ಕುಲುಕಿದರು.

ಮೊದಲ ವರ್ಷ ಹದಿನೆಂಟು ಪಂದ್ಯಗಳಲ್ಲಿ ಹದಿನೈದು ಸೋತೆವು. ಒಂದರಲ್ಲಿ ಒಂಬತ್ತು ಗೋಲು ತಿಂದೆವು. ಎರಡನೇ ವರ್ಷ ಹನ್ನೆರಡು ಸೋತೆವು. ನಾನೂರು ಜನ ತುಂಬುತ್ತಿದ್ದ ಪೂರ್ವ ಗ್ಯಾಲರಿಯಲ್ಲಿ ಆ ವರ್ಷದ ಕೊನೆಯ ಪಂದ್ಯಕ್ಕೆ ಅರವತ್ತೆರಡು ಜನರಿದ್ದರು, ನಾನು ಎಣಿಸಿದ್ದೇನೆ. ನಿಮ್ಮ ತಂಡ ಕಟ್ಟಿ ಮುಗಿಸೋದ್ರೊಳಗೆ ಎದುರು ಮನೆಯವರು ಮೂರು ಮಹಡಿ ಎಬ್ಬಿಸಿದ್ರು ಎಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಆ ಕೊನೆಯ ಪಂದ್ಯ ಮುಗಿಯಲು ಹನ್ನೆರಡು ನಿಮಿಷ ಇರುವಾಗ ನನ್ನ ಭಾವಮೈದ ಎದ್ದು ನಿಂತ. "ಭಾವ, ನಿಮ್ಮ ಮುಖ ನೋಡ್ಕೊಂಡು ಎರಡು ವರ್ಷ ಬಂದೆ. ಇನ್ನು ನನ್ನ ಕೈಲಾಗಲ್ಲ," ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಈಗ ಸಿಕ್ಕಾಗ ಹಾಕಿಯೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತೇವೆ. ಹಾಗಾಗಿ ಹೆಚ್ಚು ಮಾತೇ ಇರುವುದಿಲ್ಲ.

ದೂರಿನಲ್ಲಿ ಹೆಸರಿರುವ ಗೋಲ್‌ಕೀಪರ್ ತಂಡಕ್ಕೆ ಬಂದದ್ದು ಅದೇ ಎರಡನೇ ವರ್ಷ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಅವನು ಬಿಟ್ಟ ಮೊದಲ ಹದಿನಾಲ್ಕು ಗೋಲುಗಳಲ್ಲಿ ಹನ್ನೊಂದು ಅವನ ಎಡಗಡೆಯಿಂದ ಬಂದವು. ಚೆಂಡು ಆ ಕಡೆಯಿಂದ ಬಂದಾಗಲೆಲ್ಲ ಅವನು ಕತ್ತು ತುಸು ತಿರುಗಿಸಿ ನೋಡುತ್ತಿದ್ದ. ನನ್ನ ಕಸುಬಿನವನಿಗೆ ಅಷ್ಟು ಸಾಕು. ಒಂದು ದಿನ ಅಭ್ಯಾಸ ಮುಗಿಯುವವರೆಗೆ ಗೇಟಿನ ಹತ್ತಿರ ಕಾದಿದ್ದು ಅವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿಸಿದಾಗ ಎಡಗಣ್ಣಿಗೆ ಮೈನಸ್ ಒಂದೂಮುಕ್ಕಾಲು ಪವರ್ ಬಂತು. ಇದೇನೂ ದೊಡ್ಡ ದೋಷವಲ್ಲ, ಲೆನ್ಸ್ ಹಾಕಿದರೆ ಎಲ್ಲರಂತೆಯೇ ಕಾಣುತ್ತದೆ ಎಂದು ತಿಳಿಸಿ ಲೆನ್ಸ್ ತರಿಸಿಕೊಟ್ಟೆ. ಎಡಗಣ್ಣು ಮಂಜೆಂಬ ವಿಷಯ ಮೊದಲಿನಿಂದ ತನ್ನ ರೂಮಿನ ಜೊತೆಗಾರನಿಗೆ ಮಾತ್ರ ಗೊತ್ತೆಂದೂ, ಕ್ಲಬ್ಬಿನವರ ಕಿವಿಗೆ ಬಿದ್ದರೆ ತನ್ನನ್ನು ಆಡಿಸುವುದಿಲ್ಲವೆಂದೂ, ಯಾರಿಗೂ ಹೇಳಬಾರದೆಂದೂ ಅವನು ಕೇಳಿಕೊಂಡ. ನಾನು ಒಪ್ಪಿದೆ. ಆ ಜೊತೆಗಾರನೂ ಇದೇ ತಂಡದ ಹಿಂಬದಿ ಆಟಗಾರ.

ಮೂರನೇ ವರ್ಷ ನಾವು ಒಂಬತ್ತು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದೆವು. ಗ್ಯಾಲರಿಗೆ ಮುನ್ನೂರಕ್ಕೂ ಹೆಚ್ಚು ಜನ ವಾಪಸಾದರು. ಕಟ್ಟಿದ್ದು ನಿಂತಿತು ಎಂದು ನಾನು ಬೀದಿಯಲ್ಲಿ ಎದೆಯುಬ್ಬಿಸಿ ನಡೆದೆ.

ಕಳೆದ ತಿಂಗಳು ಎರಡನೇ ತಾರೀಖು ಮಧ್ಯಾಹ್ನ ಮೂರು ಗಂಟೆಗೆ ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆಸಿ ಚಹಾ ಕೊಟ್ಟರು. ಈ ಹುಡುಗ ಒಂದೇ ವರ್ಷದಲ್ಲಿ ಇಷ್ಟು ಬದಲಾದದ್ದು ಹೇಗೆಂದು ಕೇಳಿದರು. ನಾನು ಮೊದಲು ನಕ್ಕು ಚಹಾ ಕುಡಿದೆ. ನೀವು ನಮ್ಮ ಮನೆಯವರಿದ್ದ ಹಾಗೆ, ನಮ್ಮ ನಿಮ್ಮ ನಡುವೆ ಮುಚ್ಚುಮರೆ ಏಕೆ, ಮಾತು ಈ ಕೋಣೆ ದಾಟುವುದಿಲ್ಲ ಎಂದರು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಹೇಳಿದ ವಿಷಯವನ್ನು ಹುಡುಗನಿಗೆ ತಿಳಿಸಲಿಲ್ಲ.

ನಿನ್ನೆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದೇ ಸಭಾಂಗಣದಲ್ಲಿ ಅಭಿಮಾನಿಗಳ ಸಭೆ ಕರೆದಿದ್ದರು. ಸುಮಾರು ಎಂಬತ್ತು ಜನ ಸೇರಿದ್ದೆವು. ನಾನು ಮೂರನೇ ಸಾಲಿನಲ್ಲಿದ್ದೆ. ಮ್ಯಾನೇಜರ್ ಪ್ರೊಜೆಕ್ಟರ್ ಹಾಕಿ, ತಂಡ ಕಟ್ಟುವ ಎರಡನೇ ಹಂತ ಈಗ ಶುರುವಾಗುತ್ತದೆಂದೂ ಇನ್ನೂ ಮೂರು ವರ್ಷ ತಾಳಬೇಕೆಂದೂ ಹೇಳಿದರು. ಆಮೇಲೆ ತಂಡ ಬಿಡುವ ಆರು ಆಟಗಾರರ ಪಟ್ಟಿ ತೋರಿಸಿದರು. ನಾಲ್ಕನೆಯದು ಗೋಲ್‌ಕೀಪರ್ ಹೆಸರು. ಅವನ ಕರಾರು ಇನ್ನೂ ಎರಡು ವರ್ಷ ಇತ್ತು, ಕಾರಣ ಕೊಡದೆ ಮುರಿಯುವಂತಿರಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬರು ಅವನನ್ನು ಏಕೆ ಬಿಡುತ್ತೀರಿ ಎಂದು ಕೇಳಿದರು. ಅದಕ್ಕೆ ಮ್ಯಾನೇಜರ್, ಅವನು ಕಣ್ಣಿನ ದೋಷ ಮುಚ್ಚಿಟ್ಟು ಕ್ಲಬ್ಬಿಗೆ ಮೋಸ ಮಾಡಿದ್ದಾನೆ, ಅವನಿಗೆ ಬೇಕಾದವರೇ ಬಂದು ತಿಳಿಸಿದ್ದಾರೆ ಎಂದು ಮೈಕಿನಲ್ಲಿ ಹೇಳಿದರು. ಹುಡುಗ ಬಾಗಿಲ ಹತ್ತಿರ, ವೇದಿಕೆಯಿಂದ ಸುಮಾರು ಮೂವತ್ತು ಅಡಿ ದೂರದಲ್ಲಿ ನಿಂತಿದ್ದ. ಅವನು ಸುತ್ತಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ನನ್ನ ಮುಖದ ಮೇಲೆ ಅವನ ಕಣ್ಣು ನಿಲ್ಲದೆ ಮುಂದೆ ಹೋಯಿತು.

ನಾನು ಎದ್ದು ವೇದಿಕೆ ಹತ್ತಿದೆ. ಆಗ ಹನ್ನೊಂದು ಗಂಟೆ ನಲವತ್ತು ನಿಮಿಷ. ನಂಬಿಸಿ ಕತ್ತು ಕೊಯ್ದಿರಲ್ಲ ಸಾರ್ ಎಂದು ಕೇಳಿದೆ. ಅವರು ಮೈಕನ್ನು ಕೈಯಿಂದ ಮುಚ್ಚಿ, "ಹೇಳಿದ್ದು ನೀವೇ ಅಲ್ವಾ? ಅವನ ಮುಂದೆ ಹೇಳ್ಲಾ?" ಎಂದು ಮೆಲ್ಲಗೆ ಕೇಳಿದರು. ನಮ್ಮಿಬ್ಬರ ನಡುವೆ ಮೇಜು ಇತ್ತು. ನಾನು ಅದನ್ನು ಎರಡೂ ಕೈಯಿಂದ ತಳ್ಳಿದೆ. ಮೇಜಿನ ಅಂಚು ತಗುಲಿ ಅವರು ಒಂದೂವರೆ ಅಡಿ ಎತ್ತರದ ವೇದಿಕೆಯಿಂದ ಹಿಂದಕ್ಕೆ ಬಿದ್ದರು. ಅವರ ಬಲಗೈ ಮಣಿಕಟ್ಟಿಗೆ ಆದ ಏಟು ಇದರಿಂದಲೇ. ಮೊದಲು ಓಡಿ ಬಂದವನು ಗೋಲ್‌ಕೀಪರ್. ಅವನು ಅವರ ಎರಡೂ ರಟ್ಟೆ ಹಿಡಿದು ಎತ್ತುತ್ತಿದ್ದಾಗ ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದರು. ಅವನು ಹಿಡಿದದ್ದು ಎತ್ತುವುದಕ್ಕೆ. ನಾನು ಆ ಗದ್ದಲದಲ್ಲಿ ಹಿಂಬಾಗಿಲಿನಿಂದ ಮನೆಗೆ ಹೋದೆ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಇಂದು ಬೆಳಿಗ್ಗೆ ಎಂಟೂವರೆಗೆ ನನ್ನ ಹೆಂಡತಿ ಅದೇ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದಳು. ಗೋಲ್‌ಕೀಪರ್ ತಮ್ಮ ಮೇಲೆ ಕೈ ಮಾಡಿದನೆಂದು ಮ್ಯಾನೇಜರ್ ದೂರು ಕೊಟ್ಟಿರುವುದಾಗಿ ಅದರ ಕೆಳಗೆ ಬರೆದಿತ್ತು. ತಳ್ಳಿದವನು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕರಾರು ಮುರಿಯಲು ಇನ್ನೊಂದು ಕಾರಣ ಬೇಕಾಗಿ ಹೀಗೆ ಬರೆಸಿದ್ದಾರೆಂದು ನನ್ನ ತಿಳಿವಳಿಕೆ. "ಆ ಹುಡುಗನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿದಾರಂತೆ. ನೀವಿಲ್ಲಿ ಕೂತ್ಕೊಂಡು ಏನ್ ಮಾಡ್ತಿದೀರಿ?" ಎಂದು ಹೆಂಡತಿ ಕೇಳಿದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಒಂಬತ್ತು ನಲವತ್ತಕ್ಕೆ ಠಾಣೆ ತಲುಪಿದೆ. ಹುಡುಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತು ಜಾಗ ಬಿಟ್ಟ. ನೀವ್ಯಾಕೆ ಬರೋಕೆ ಹೋದ್ರಿ ಮಾಮ ಎಂದು ಕೇಳಿದ. ತಳ್ಳಿದ್ದು ನಾನೆಂದು ಒಳಗೆ ಬರೆಸಲು ಬಂದಿದ್ದೇನೆ ಎಂದೆ. ಆಮೇಲೆ, ಕಣ್ಣಿನ ವಿಷಯ ಹೇಳಿದ್ದೂ ನಾನೇ ಎಂದೆ. ಅವನು, "ರೂಮಿನವನೇ ಹೇಳಿದ್ದು ಅಂದ್ಕೊಂಡು ನಿನ್ನೆ ಸಂಜೆ ಅವನ ಹಾಸಿಗೆ, ಪೆಟ್ಟಿಗೆ ಎಲ್ಲಾ ಹೊರಗೆ ಹಾಕಿಬಿಟ್ಟೆ ಮಾಮ. ಅವನು ಒಂದು ಮಾತೂ ಆಡದೆ ಎತ್ಕೊಂಡು ಹೋದ," ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತೂಕಾಲಿಗೆ ಈ ಹೇಳಿಕೆ ಬರೆಸಲು ಕುಳಿತೆ. ಕಣ್ಣಿನ ವಿಷಯ ಬಾಯಿಬಿಟ್ಟದ್ದು ಅಪರಾಧವಲ್ಲ, ಅದನ್ನು ಸೇರಿಸುವ ಅಗತ್ಯವಿಲ್ಲ ಎಂದು ಬರೆದುಕೊಳ್ಳುತ್ತಿರುವ ಅಧಿಕಾರಿಗಳು ತಿಳಿಸಿದರು. ಸೇರಿಸಲೇಬೇಕೆಂದು ನಾನು ಕೇಳಿಕೊಂಡ ಮೇಲೆ ಸೇರಿಸಿದ್ದಾರೆ. ನಾನು ಹೇಳುತ್ತಿದ್ದಷ್ಟು ಹೊತ್ತಿನಲ್ಲಿ ಹುಡುಗ ಹೊರಗಿನಿಂದ ತನ್ನ ಜೊತೆಗಾರನಿಗೆ ನಾಲ್ಕು ಬಾರಿ ಫೋನ್ ಮಾಡಿದ್ದಾನೆ. ಬಾಗಿಲು ತೆರೆದೇ ಇದ್ದು ಅವನು ಸ್ಪೀಕರ್ ಹಾಕಿರುವುದರಿಂದ ಆ ಕಡೆ ರಿಂಗಾಗುವುದು ನನಗೆ ಕೇಳಿಸುತ್ತಿದೆ. ಸಹಿ ಹಾಕುವ ಈ ಹೊತ್ತಿನವರೆಗೆ ಅದನ್ನು ಯಾರೂ ಎತ್ತಿಲ್ಲ.

ಮೇಲೆ ಬರೆಸಿದ್ದೆಲ್ಲ ನನಗೆ ಓದಿ ಹೇಳಲಾಗಿದೆ. ಇದರಲ್ಲಿ ನಾನು ಕಂಡದ್ದು ಮತ್ತು ನಾನು ಮಾಡಿದ್ದು ಮಾತ್ರ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 14, ಭಾನುವಾರ, ಬೆಳಿಗ್ಗೆ 11.25
ಸಹಿ: (ಹೇಳಿಕೆ ಕೊಟ್ಟವನು)