ಹನ್ನೊಂದನೇ ಮೆಷಿನ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಊಟ ಮುಗಿಸಿ ನಿದ್ದೆ ತಡೆದುಕೊಂಡು ಕುಳಿತಿರುವ ನನ್ನ ಸಭಿಕರೇ,

ನನ್ನ ಈ ಬೀಳ್ಕೊಡುಗೆಯಲ್ಲಿ ಈಗಷ್ಟೇ ಮೂವರು ನನ್ನ ಬಗ್ಗೆ ಮಾತನಾಡಿದರು. ಅವರು ಹೊಗಳಿದ ಆ ಮನುಷ್ಯ ನನಗೂ ಎಲ್ಲಾದರೂ ಸಿಕ್ಕಿದ್ದರೆ ಕೈ ಕುಲುಕುತ್ತಿದ್ದೆ! ಈ ಬೂಟಿನ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಮೇಲ್ವಿಚಾರಕನಾಗಿದ್ದೆ. ಕೆಲಸಗಾರರಿಂದ ಕೆಲಸ ತೆಗೆಯುವುದರಲ್ಲಿ ಇವನಿಗೆ ಸಾಟಿಯಿಲ್ಲ ಎಂದು ಅಧ್ಯಕ್ಷರು ಹೇಳಿದರು. ಆ ಒಂದು ಮಾತಿಗೆ ಉತ್ತರ ಕೊಡಲು ಐದು ನಿಮಿಷ ಬೇಡಿಕೊಳ್ಳುತ್ತೇನೆ.

ನನ್ನನ್ನು ಈ ಗೇಟಿನೊಳಗೆ ಕರೆತಂದವಳು ನನ್ನ ಅಕ್ಕ. ಹನ್ನೊಂದನೇ ಮೆಷಿನ್ ಅವಳದು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು. ನಮ್ಮಿಬ್ಬರ ಊಟದ ಡಬ್ಬಿ ಒಂದೇ ಚೀಲದಲ್ಲಿ ಬರುತ್ತಿತ್ತು. ನಾನು ಮೇಲ್ವಿಚಾರಕನಾದ ದಿನ ಇಡೀ ಸಾಲಿಗೆ ಕೇಳುವಂತೆ, "ಇವನ ಮೂಗು ಒರೆಸ್ದೋಳು ನಾನು, ಇನ್ಮೇಲೆ ನನ್ನನ್ನೇ ಗದರಿಸ್ತಾನೆ ನೋಡ್ರೇ!" ಎಂದು ನಕ್ಕಿದ್ದಳು.

ಆ ಕಾಲದ ಶೆಡ್ಡನ್ನು ನಿಮ್ಮಲ್ಲಿ ಹಲವರು ನೋಡಿಲ್ಲ. ತಗಡಿನ ಮಾಡು, ಎರಡು ಸಾಲಿಗೊಂದು ಟ್ಯೂಬ್‌ಲೈಟು, ಕೂರಲು ಬೆನ್ನಿಲ್ಲದ ಸ್ಟೂಲು. ಕಪ್ಪು ಚರ್ಮದ ಮೇಲೆ ಕಪ್ಪು ದಾರದಲ್ಲಿ ಹೊಲಿಯಬೇಕು. ನೀರು ಕುಡಿಯಲು ಅಂಗಳ ದಾಟಿ ಹೋಗಬೇಕು. ಹೋದ ಹೊತ್ತನ್ನು ನಾನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅಕ್ಕನ ಕೈ ನಿಧಾನವಾಯಿತು. ಹೊಲಿಗೆ ಓರೆಯಾಗಿ ಜೋಡಿಗಳು ವಾಪಸು ಬರತೊಡಗಿದವು.

"ದಾರಾನೇ ಕಾಣಲ್ಲ ಕಣೋ. ಒಂದು ದೀಪ ಹಾಕ್ಸು, ಆಮೇಲೆ ನೋಡು," ಎಂದಳು.

"ಎಲ್ರಿಗೂ ಅದೇ ದೀಪ ಅಕ್ಕ. ನಿನಗೊಬ್ಬಳಿಗೇ ಯಾಕೆ ಕಷ್ಟ?" ಎಂದೆ.

ದೀಪ ಕೇಳಲು ಆಫೀಸಿನ ಮೆಟ್ಟಿಲು ಹತ್ತಬೇಕಿತ್ತು. ನಾನು ಹತ್ತಲಿಲ್ಲ. ಅಕ್ಕನ ಪರ ವಹಿಸಿದ ಎನ್ನಿಸಿಕೊಳ್ಳಬಾರದು ಎಂಬ ಹೆದರಿಕೆ. ಹೊಸದಾಗಿ ಸಿಕ್ಕ ಹುದ್ದೆಯ ಮೇಲಿನ ಆಸೆ. ವರ್ಷದ ವರದಿಯಲ್ಲಿ ಅವಳ ಹೆಸರಿನ ಮುಂದೆ 'ಕೆಲಸದಲ್ಲಿ ಆಸಕ್ತಿ ಇಲ್ಲ' ಎಂದು ಬರೆದು ಸಹಿ ಹಾಕಿದೆ. ತಿಂಗಳೊಳಗೆ ಅವಳನ್ನು ತೆಗೆದರು.

ಆಮೇಲೆ ಅಕ್ಕ ಮೂರು ಮನೆಗಳ ಪಾತ್ರೆ ತಿಕ್ಕಿದಳು. ಮಗಳು ಶಾಲೆ ಬಿಟ್ಟಳು. ಬಡತನ ಸೋಮಾರಿಗಳ ಮನೆ ಹುಡುಕಿಕೊಂಡು ಹೋಗುತ್ತದೆ ಎಂದು ಇಂಥ ಸಭೆಗಳಲ್ಲಿ ನಾನೇ ಭಾಷಣ ಬಿಗಿದಿದ್ದೇನೆ. ಆ ಮನೆಗೆ ಅದು ಹೋದದ್ದು ನನ್ನ ಪೆನ್ನಿನಿಂದ ಅಲ್ಲವೇ?

ನಾಲ್ಕು ವರ್ಷದ ನಂತರ ಹೊಸ ಪಾಲುದಾರರು ಬಂಡವಾಳ ಹಾಕಿದರು. ಮೆಷಿನ್ನಿಗೊಂದು ದೀಪ, ಬೆನ್ನಿರುವ ಕುರ್ಚಿ, ಸಾಲಿನ ತುದಿಯಲ್ಲೇ ನೀರು. ಅದೇ ಜನ, ಅದೇ ಕೈಗಳು. ಮೂರೇ ತಿಂಗಳಲ್ಲಿ ಉತ್ಪಾದನೆ ಒಂದೂವರೆ ಪಟ್ಟಾಯಿತು. ಶ್ರೇಷ್ಠ ಮೇಲ್ವಿಚಾರಕ ಪ್ರಶಸ್ತಿ ಯಾರಿಗೆ ಬಂತು? ನನಗೆ.

ಆ ವರ್ಷ ಕೆಲಸಗಾರರ ಮನೆಯವರಿಗೆ ಕಾರ್ಖಾನೆ ತೋರಿಸಿದರು. ಆಗಷ್ಟೇ ಇಲ್ಲಿ ಸೇರಿದ್ದ ಮಗಳ ಜೊತೆ ಅಕ್ಕನೂ ಬಂದಳು. ಯಾರನ್ನೂ ಕೇಳದೆ ಹನ್ನೊಂದನೇ ಮೆಷಿನ್ನಿನ ಮುಂದೆ ಕುಳಿತಳು. ದೀಪ ಹಾಕಿದಳು. ಒಂದು ಜೊತೆ ಬೂಟಿನ ಮೇಲ್ಭಾಗ ಹೊಲಿದಳು. ಅಭ್ಯಾಸಬಲ ನೋಡಿ, ನಾನು ಗಡಿಯಾರ ನೋಡಿದೆ! ಸಾಲಿನಲ್ಲಿ ಯಾರೂ ಅಷ್ಟು ಬೇಗ, ಅಷ್ಟು ನೇರವಾಗಿ ಹೊಲಿದವರಿರಲಿಲ್ಲ. ಅವಳು ಎದ್ದು ಅದನ್ನು ನನ್ನ ಕೈಗಿಟ್ಟಳು.

"ಈಗ ಏನಂತ ಬರೀತೀಯಪ್ಪಾ?"

ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು. ಅಕ್ಕ ನನ್ನ ಮನೆಯಿಂದ ಎರಡೇ ಬೀದಿ ಆಚೆ ಇದ್ದಾಳೆ. ಭಾನುವಾರ ಹೋಗಿ ಬಾಗಿಲು ತಟ್ಟುತ್ತೇನೆ; ಒಳಗೆ ರೇಡಿಯೋ ಸದ್ದು ಜೋರಾಗುತ್ತದೆ. ಅವಳ ಮಗಳು ಇಪ್ಪತ್ತಾರು ವರ್ಷದಿಂದ ನನ್ನ ಕೈಕೆಳಗೇ ಹೊಲಿಯುತ್ತಿದ್ದಾಳೆ. ಮದುವೆ ಮಕ್ಕಳಿಲ್ಲದ ನನ್ನನ್ನು ಮಾವ ಎಂದು ಕರೆಯಬೇಕಾದವಳು ಅವಳೊಬ್ಬಳೇ. ಇವತ್ತಿಗೂ ಸರ್ ಎನ್ನುತ್ತಾಳೆ.

ಅಧ್ಯಕ್ಷರೇ, ನನಗೆಂದು ತಂದಿರುವ ಈ ಸನ್ಮಾನ ಫಲಕ ನಿಮ್ಮ ಬಳಿಯೇ ಇರಲಿ. ಬದಲಿಗೆ ಅಕ್ಕನ ಹಳೆಯ ಕಡತ ತೆಗೆಸಿ. ನನ್ನ ಸಹಿಯ ಕೆಳಗೆ ನಾನೇ ಇನ್ನೊಂದು ಸಾಲು ಬರೆಯಬೇಕು: 'ಕೆಲಸಗಾರ್ತಿಯ ತಪ್ಪಿಲ್ಲ. ಬೆಳಕು ಇರಲಿಲ್ಲ.' ನೀವು ತಲೆಯಾಡಿಸಿದಿರಿ. ಒಪ್ಪಿಗೆ ಎಂದೇ ತಿಳಿಯುತ್ತೇನೆ.

ಹಿಂದಿನ ಸಾಲಿನಿಂದ ಅಕ್ಕನ ಮಗಳು ಎದ್ದು ಹೊರಟಿದ್ದಾಳೆ. ಯಾರೂ ತಡೆಯಬೇಡಿ. ಅವಳ ಪಾಳಿ ಎರಡು ಗಂಟೆಗೆ ಶುರು. ಹೋಗಲಿ, ದಾರಿ ಬಿಡಿ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಋಣಿ. ನಮಸ್ಕಾರ.